ಬಟ್ಟೆ ಅಂಗಡಿಯ ನಾಸಿರ್: ಕೊಯಮತ್ತೂರಿನ ಸಿನೆಮಾ ಕರಾವಳಿಗೆ ಹೇಳುವುದೇನು?

ಮಂಗಳೂರಿನಿಂದ ಚೆನ್ನೈಗೆ ಹೋಗುವ ವೆಸ್ಟ್ ಕೋಸ್ಟ್ ಎಕ್ಸ್‌ಪ್ರೆಸ್ ಕರಾವಳಿಯ ಬಟ್ಟೆ ವ್ಯಾಪಾರಿಗಳಿಗೆ ಹೊಸತಲ್ಲ. ಬನಿಯನ್, ಟಿ-ಶರ್ಟ್, ಮಕ್ಕಳ ಉಡುಪು ಸಗಟು ದರದಲ್ಲಿ ಬೇಕಾದರೆ ತಿರುಪ್ಪೂರಿಗೇ ಹೋಗಬೇಕು. ದೇಶದಿಂದ ರಫ್ತಾಗುವ ಹೆಣೆದ ಹತ್ತಿ ಬಟ್ಟೆಯಲ್ಲಿ ಅರ್ಧಕ್ಕಿಂತ ಹೆಚ್ಚು ಆ ಒಂದೇ ಊರಿನದ್ದು. ರಫ್ತಿಗೆ ಹೋಗದೆ ಉಳಿದ ಮಾಲು ರೈಲ್ವೆ ಸ್ಟೇಷನ್ ಹತ್ತಿರದ ಖಾದರ್‌ಪೇಟೆಯಲ್ಲಿ ಸಿಗುತ್ತದೆ. ರೈಲಿನಲ್ಲಿ ತಿರುಪ್ಪೂರಿಗಿಂತ ಸುಮಾರು ಒಂದು ಗಂಟೆ ಮೊದಲು ಸಿಗುವ ದೊಡ್ಡ ಊರು ಕೊಯಮತ್ತೂರು. ಹೆಚ್ಚಿನವರು ಅಲ್ಲಿ ಕಿಟಕಿಯಿಂದ ಒಂದು ಚಹಾ ತೆಗೆದುಕೊಂಡು ಮುಂದೆ ಹೋಗುತ್ತಾರೆ, ಇಳಿಯುವುದಿಲ್ಲ.

ಆ ಕೊಯಮತ್ತೂರಿನ ಒಂದು ಬಟ್ಟೆ ಅಂಗಡಿಯಲ್ಲಿ ಸೀರೆ ಬಿಡಿಸಿ ತೋರಿಸುವ ಸೇಲ್ಸ್‌ಮ್ಯಾನ್ ಒಬ್ಬನ ಬಗ್ಗೆ ಒಂದು ತಮಿಳು ಸಿನೆಮಾ ಉಂಟು. ಹೆಸರು ‘ನಾಸಿರ್’. ನಿರ್ದೇಶಕ ಅರುಣ್ ಕಾರ್ತಿಕ್ ಕೊಯಮತ್ತೂರಿನವರೇ. ತಮಿಳು ಲೇಖಕ ದಿಲೀಪ್ ಕುಮಾರ್ ಬರೆದ ‘ಒಬ್ಬ ಗುಮಾಸ್ತನ ಕಥೆ’ ಎಂಬ ಅರ್ಥದ ಹೆಸರಿನ ಸಣ್ಣಕಥೆ ಇದಕ್ಕೆ ಆಧಾರ. ದಿಲೀಪ್ ಕುಮಾರ್ ಹುಟ್ಟಿದ್ದೂ ಕೊಯಮತ್ತೂರಿನಲ್ಲಿ, ಮನೆಮಾತು ಗುಜರಾತಿ. ಅಂದರೆ ಗುಜರಾತಿ ಮನೆಮಾತಿನ ಲೇಖಕ ತಮಿಳಿನಲ್ಲಿ ಬರೆದ, ಒಬ್ಬ ಮುಸ್ಲಿಮ್ ನೌಕರನ ಕಥೆ. 2020ರ ಜನವರಿಯಲ್ಲಿ ನೆದರ್‌ಲ್ಯಾಂಡ್ಸ್‌ನ ರಾಟರ್‌ಡ್ಯಾಮ್ ಚಿತ್ರೋತ್ಸವದಲ್ಲಿ ಮೊದಲ ಪ್ರದರ್ಶನ ಕಂಡ ಈ ಸಿನೆಮಾಕ್ಕೆ ಅಲ್ಲಿ ಅತ್ಯುತ್ತಮ ಏಷ್ಯನ್ ಚಿತ್ರಕ್ಕೆ ಕೊಡುವ ನೆಟ್‌ಪ್ಯಾಕ್ ಪ್ರಶಸ್ತಿ ಬಂತು. ಅದೇ ವರ್ಷ ಲಾಕ್‌ಡೌನ್ ಸಮಯದಲ್ಲಿ ಯೂಟ್ಯೂಬ್‌ನಲ್ಲಿ ನಡೆದ ‘ವಿ ಆರ್ ವನ್’ ಆನ್‌ಲೈನ್ ಚಿತ್ರೋತ್ಸವದಲ್ಲಿ ಇದನ್ನು ತೋರಿಸಿದರು. ಪೋಸ್ಟರ್ ಹಚ್ಚಿ, ಥಿಯೇಟರ್ ಎದುರು ಪಟಾಕಿ ಹೊಡೆಯುವ ಜಾತಿಯ ಸಿನೆಮಾ ಇದಲ್ಲ. ಅದಕ್ಕೇ ನಮ್ಮ ಹುಡುಗರಲ್ಲಿ ಹೆಚ್ಚಿನವರಿಗೆ ಇದರ ಹೆಸರೇ ಗೊತ್ತಿಲ್ಲ.

ಕಥೆ ಏನು ಅಂದರೆ, ಒಂದು ದಿನ. ಬೆಳಿಗ್ಗೆ ಎದ್ದಲ್ಲಿಂದ ರಾತ್ರಿವರೆಗೆ. ನಾಸಿರ್ ಮಧ್ಯವಯಸ್ಸಿನವನು. ಕಿಕ್ಕಿರಿದ ಮುಸ್ಲಿಮ್ ಮೊಹಲ್ಲಾದ ಸಣ್ಣ ಮನೆಯಲ್ಲಿ ಕಾಯಿಲೆಯ ತಾಯಿ, ಹೆಂಡತಿ ತಾಜ್, ಸಾಕಿಕೊಂಡ ಬುದ್ಧಿಮಾಂದ್ಯ ಹುಡುಗ ಇಕ್ಬಾಲ್ ಜೊತೆ ವಾಸ. ಆ ದಿನ ತಾಜ್ ಕೆಲವು ದಿನಗಳ ಮಟ್ಟಿಗೆ ಬೇರೆ ಊರಿಗೆ ಹೊರಡುತ್ತಾಳೆ. ಅವಳನ್ನು ಕಳುಹಿಸಿಕೊಟ್ಟು ನಾಸಿರ್ ಅಂಗಡಿಗೆ ಹೋಗುತ್ತಾನೆ. ಬಾಗಿಲು ತೆರೆಯುವುದು, ಬೊಂಬೆಗೆ ಬಟ್ಟೆ ಉಡಿಸುವುದು, ಗಿರಾಕಿ ಬಂದಾಗ ಸೀರೆ ಹರಡುವುದು, ಗಿರಾಕಿ ಎದ್ದು ಹೋದಾಗ ಮಡಚುವುದು. ನಡುವೆ ನಮಾಝ್, ಊಟ, ಒಂದು ಸಿಗರೇಟು, ಸಹೋದ್ಯೋಗಿಗಳ ಜೊತೆ ತಮಾಷೆ. ಅವನಿಗೆ ಕವಿತೆಯ ಹುಚ್ಚು, ಹಾಡಿನ ಹುಚ್ಚು. ಮನಸ್ಸಿನಲ್ಲೇ ತಾಜ್‌ಗೆ ಪತ್ರ ಬರೆಯುತ್ತಾನೆ. ತಾಯಿಯ ಮದ್ದಿನ ಖರ್ಚು, ಇಕ್ಬಾಲ್‌ನ ಮುಂದಿನ ದಾರಿ ತಲೆಯಲ್ಲಿ ಸುತ್ತುತ್ತಾ ಇರುತ್ತದೆ, ಆದರೆ ಯಾರ ಎದುರೂ ಗೋಳು ಹೇಳಿಕೊಂಡು ಕೂರುವವನಲ್ಲ.

ಮೊದಲ ಒಂದು ಗಂಟೆ ‘ಎಂತದೂ ಆಗುವುದಿಲ್ಲ’. ಫೈಟ್ ಇಲ್ಲ, ಫ್ಲ್ಯಾಶ್‌ಬ್ಯಾಕ್ ಇಲ್ಲ. ಪರದೆಯ ಚೌಕಟ್ಟು ಕೂಡ ಹಳೇ ಟಿವಿಯಂತೆ ಬಹುತೇಕ ಚೌಕ, ಇಕ್ಕಟ್ಟು. ರೀಲ್ಸ್ ನೋಡಿ ಅಭ್ಯಾಸವಾದವರಿಗೆ ಹತ್ತು ನಿಮಿಷದಲ್ಲಿ ಬೋರ್ ಆಗ್ತದೆ. ಆದರೆ ಅಂಗಡಿಯಲ್ಲಿ ದುಡಿದವರಿಗೆ ಆಗುವುದಿಲ್ಲ. ಬೋಣಿ ಆಗುವವರೆಗಿನ ಆ ಮೌನ, ಇಪ್ಪತ್ತು ಸೀರೆ ಬಿಡಿಸಿ ಹಾಕಿಸಿ ‘ಇನ್ನೊಮ್ಮೆ ಬರ್ತೇವೆ’ ಅಂತ ಎದ್ದು ಹೋಗುವ ಗಿರಾಕಿ, ಆ ಇಪ್ಪತ್ತನ್ನೂ ಮಡಿಕೆ ತಪ್ಪದೆ ಮತ್ತೆ ರ‍್ಯಾಕಿಗೆ ಏರಿಸುವ ಕೈಗಳು. ಹಂಪನಕಟ್ಟೆಯಲ್ಲೋ ಪುತ್ತೂರಿನಲ್ಲೋ ಉಪ್ಪಿನಂಗಡಿಯಲ್ಲೋ ಇಂಥ ಕೆಲಸ ಮಾಡುವ ಹುಡುಗರು ಎಷ್ಟು ಮಂದಿ ಇಲ್ಲ? ಬ್ಯಾರಿ ಎಂಬ ಹೆಸರೇ ವ್ಯಾಪಾರ ಎಂಬರ್ಥದ ‘ಬ್ಯಾರ’ದಿಂದ ಬಂತು ಎಂದು ಹಿರಿಯರು ಹೇಳುತ್ತಾರೆ. ಆದರೆ ವ್ಯಾಪಾರ ಅಂದ ಕೂಡಲೇ ಗಲ್ಲಾದ ಹಿಂದೆ ಕೂತವನೇ ಕಣ್ಣಿಗೆ ಬರುತ್ತಾನೆ, ರ‍್ಯಾಕಿನ ಎದುರು ನಿಂತವನು ಬರುವುದಿಲ್ಲ.

ನಿಂತವನು ಎಂಬುದು ಸುಮ್ಮನೆ ಬಂದ ಮಾತಲ್ಲ. ಜವಳಿ ಅಂಗಡಿಗಳಲ್ಲಿ ನೌಕರರು ದಿನವಿಡೀ ನಿಂತೇ ಇರಬೇಕು, ಗಿರಾಕಿ ಇಲ್ಲದಿದ್ದರೂ ಕೂರಬಾರದು ಎಂಬ ಕಟ್ಟಳೆ ಎಷ್ಟೋ ಕಡೆ ಇತ್ತು, ಇದೆ. ಕೇರಳದ ಜವಳಿ ಅಂಗಡಿಗಳ ಹೆಣ್ಮಕ್ಕಳು ಇದರ ವಿರುದ್ಧ ವರ್ಷಗಟ್ಟಲೆ ಹೋರಾಡಿದ ಮೇಲೆ 2018ರಲ್ಲಿ ಅಲ್ಲಿನ ಸರಕಾರ ಕಾನೂನು ತಿದ್ದಿ ಕೂರುವ ಹಕ್ಕು ಕೊಟ್ಟಿತು. ತಮಿಳುನಾಡು 2021ರ ಸೆಪ್ಟಂಬರ್‌ನಲ್ಲಿ ವಿಧಾನಸಭೆಯಲ್ಲಿ ಅಂಥದೇ ತಿದ್ದುಪಡಿ ಮಾಡಿತು. ಕೂರಲು ಒಂದು ಸ್ಟೂಲ್ ಬೇಕು ಅಂತ ವಿಧಾನಸಭೆವರೆಗೆ ಹೋಗಬೇಕಾಯಿತು ನೋಡಿ! ಚೆನ್ನೈ ಟಿ. ನಗರದ ಜವಳಿ ಮಳಿಗೆಗಳ ನೌಕರರ ಪಾಡನ್ನು 2010ರಲ್ಲೇ ವಸಂತಬಾಲನ್ ‘ಅಂಗಾಡಿ ತೆರು’ ಸಿನೆಮಾದಲ್ಲಿ ತೋರಿಸಿದ್ದರು. ಅಲ್ಲಿ ಅಂಗಡಿಯೇ ನರಕ, ಮೇಲ್ವಿಚಾರಕನೇ ರಾಕ್ಷಸ. ‘ನಾಸಿರ್’ನಲ್ಲಿ ಹಾಗಿಲ್ಲ. ಕೆಲಸ ಕಷ್ಟದ್ದು, ಸಂಬಳ ಸಾಲದು, ಆದರೆ ಅಂಗಡಿಯಲ್ಲಿ ಅವನಿಗೊಂದು ಜಾಗ ಉಂಟು, ನಗುವೂ ಉಂಟು. ನಿಜವಾದ ಅಂಗಡಿಗಳು ಹೆಚ್ಚಾಗಿ ಇರುವುದೂ ಹೀಗೆಯೇ.

ಈ ಸಿನೆಮಾದ ಇನ್ನೊಂದು ಕಥೆ ಕಣ್ಣಿಗಲ್ಲ, ಕಿವಿಗೆ. ಊರಿನಲ್ಲಿ ಗಣೇಶ ಚತುರ್ಥಿಯ ಸಂಭ್ರಮ. ಎಲ್ಲೋ ಕಟ್ಟಿದ ಧ್ವನಿವರ್ಧಕದಿಂದ ಭಾಷಣ ಬರುತ್ತಾ ಇರುತ್ತದೆ. ಮುಸ್ಲಿಮರ ವಿರುದ್ಧದ ಭಾಷಣ. ಯಾರು ಮಾತಾಡುವುದು ಅಂತ ಕ್ಯಾಮೆರಾ ಹುಡುಕಿಕೊಂಡು ಹೋಗುವುದಿಲ್ಲ, ನಾಸಿರ್ ಕೂಡ ಹೋಗುವುದಿಲ್ಲ. ಅವನು ದಾರಿ ನಡೆಯುತ್ತಾನೆ, ಆ ಸದ್ದು ಬೈಕಿನ ಹಾರ್ನ್, ಮಾರ್ಕೆಟ್ ಗದ್ದಲದ ಜೊತೆ ಬೆರೆತು ಹಿಂದೆ ಹಿಂದೆಯೇ ಬರುತ್ತದೆ. ಅಂಗಡಿಯೊಳಗೂ ಅಂಥ ಮಾತು ಬೀಳುತ್ತದೆ. ನಾಸಿರ್ ಅಲ್ಲೇ ಇರುತ್ತಾನೆ, ಕೇಳಿಸಿಕೊಳ್ಳುತ್ತಾನೆ, ಕೆಲಸ ಮುಂದುವರಿಸುತ್ತಾನೆ. ಇದನ್ನು ಹೇಡಿತನ ಅಂತ ಕರೆಯುವವರು ಇರಬಹುದು. ತಿಂಗಳ ಕೊನೆಗೆ ಸಂಬಳ ಎಣಿಸಬೇಕಾದವರಿಗೆ ಇದು ಏನು ಅಂತ ಗೊತ್ತು. ಧಣಿ ಕೆಟ್ಟವನಲ್ಲ, ಕಷ್ಟಕ್ಕೆ ಆಗುತ್ತಾನೆ, ಆದರೆ ವಾಟ್ಸ್‌ಆ್ಯಪ್‌ನಲ್ಲಿ ಬಂದದ್ದನ್ನು ಜೋರಾಗಿ ಓದಿ ಹೇಳುತ್ತಾನೆ. ಎದುರಿರುವವನಿಗೆ ಹೇಗಾಗಬಹುದು ಎಂಬ ಯೋಚನೆಯೇ ಬರುವುದಿಲ್ಲ. ‘ನಿನ್ನ ಬಗ್ಗೆ ಅಲ್ಲ ಮಾರಾಯ’ ಎಂಬ ಸಮಾಧಾನ ಬೇರೆ.

ಕೊಯಮತ್ತೂರಿನ ಹಿನ್ನೆಲೆ ಗೊತ್ತಿಲ್ಲದಿದ್ದರೆ ಸಿನೆಮಾ ಅರ್ಧವೇ ಅರ್ಥವಾಗುವುದು. 1997ರ ನವೆಂಬರ್ ಕೊನೆಯಲ್ಲಿ ಅಲ್ಲಿ ಒಬ್ಬ ಟ್ರಾಫಿಕ್ ಪೊಲೀಸ್ ಸಿಬ್ಬಂದಿಯನ್ನು ಮುಸ್ಲಿಮ್ ಯುವಕರು ಕೊಲೆ ಮಾಡಿದರು. ಮರುದಿನಗಳಲ್ಲಿ ನಡೆದ ಗಲಭೆ ಮತ್ತು ಪೊಲೀಸ್ ಗೋಲಿಬಾರಿನಲ್ಲಿ 18 ಮಂದಿ ಮುಸ್ಲಿಮರು ಸತ್ತರು. ಮುಸ್ಲಿಮರ ಅಂಗಡಿಗಳು ಲೂಟಿಯಾದವು, ಸುಟ್ಟುಹೋದವು. ಸುಟ್ಟದ್ದರಲ್ಲಿ ಜವಳಿ ಅಂಗಡಿಯೂ ಇತ್ತು. ಎರಡೂವರೆ ತಿಂಗಳ ನಂತರ, 1998ರ ಫೆಬ್ರವರಿ 14ರಂದು, ಊರಿನ ಬೇರೆ ಬೇರೆ ಕಡೆ ಸರಣಿ ಬಾಂಬ್ ಸ್ಫೋಟ. ಸತ್ತವರು 58, ಗಾಯಗೊಂಡವರು 200ಕ್ಕೂ ಹೆಚ್ಚು. ಅವರಲ್ಲಿ ಹೆಚ್ಚಿನವರು ಸಂತೆಗೆ ಬಂದವರು, ಕೆಲಸಕ್ಕೆ ಹೋದವರು. ಸೇಡು ಎಂಬ ಹೆಸರಿನಲ್ಲಿ ಅದನ್ನು ಮಾಡಿದ್ದು ಅಲ್ ಉಮ್ಮಾ ಎಂಬ ಸಂಘಟನೆ. 2007ರಲ್ಲಿ ವಿಶೇಷ ನ್ಯಾಯಾಲಯ ಬಹಳ ಮಂದಿಗೆ ಶಿಕ್ಷೆ ಕೊಟ್ಟಿತು, ಒಂಬತ್ತು ವರ್ಷ ಒಳಗಿದ್ದು ನಿರ್ದೋಷಿ ಅಂತ ಹೊರಬಂದವರೂ ಇದ್ದರು.

ಅದರ ಬೆಲೆ ತೆತ್ತದ್ದು ಯಾರು? ಸ್ಫೋಟದಲ್ಲಿ ಮನೆಯವರನ್ನು ಕಳೆದುಕೊಂಡವರು ಮೊದಲು. ಅದರ ನಂತರ, ಬಾಂಬಿನ ವಿಷಯವೇ ಗೊತ್ತಿಲ್ಲದೆ ಉಕ್ಕಡಂ, ಕೋಟೈಮೇಡುಗಳಲ್ಲಿ ಬದುಕುತ್ತಿದ್ದ ಸಾವಿರಾರು ನಾಸಿರ್‌ಗಳು. ಕೋಟೈಮೇಡು ಸುತ್ತ ವರ್ಷಗಟ್ಟಲೆ ಪೊಲೀಸ್ ಚೆಕ್‌ಪೋಸ್ಟ್ ಇತ್ತು. ಬೆಳಿಗ್ಗೆ ಕೆಲಸಕ್ಕೆ ಹೋಗುವವನು ಚೀಲ ತೋರಿಸಿ ಹೋಗಬೇಕು, ರಾತ್ರಿ ತೋರಿಸಿ ಬರಬೇಕು. ಊರು ಎರಡು ಪಾಲಾಗುವುದು ಅಂದರೆ ಗಡಿ ಗೆರೆ ಎಳೆದ ಹಾಗಲ್ಲ. ಬಾಡಿಗೆ ಮನೆ ಕೇಳಲು ಹೋದಾಗ, ಕೆಲಸ ಕೇಳುವಾಗ, ಹೆಸರು ಹೇಳಿದ ಮೇಲೆ ಎದುರಿನವನ ಮುಖ ಬದಲಾಗುವಾಗ ಅದು ಗೊತ್ತಾಗುತ್ತದೆ. ‘ನಾಸಿರ್’ ಸಿನೆಮಾ 1997, 1998ರ ಹೆಸರು ಎತ್ತಿ ಪಾಠ ಮಾಡುವುದಿಲ್ಲ. ಆದರೆ ಆ ಗಲ್ಲಿಯ ಇಕ್ಕಟ್ಟಿನಲ್ಲಿ ಅದೆಲ್ಲ ಉಂಟು.

ಕೊನೆಯಲ್ಲಿ ಏನಾಗುತ್ತದೆ ಎಂಬುದನ್ನು ಮುಚ್ಚಿಟ್ಟು ಈ ಸಿನೆಮಾದ ಬಗ್ಗೆ ಮಾತಾಡಲು ಆಗುವುದಿಲ್ಲ. ರಾತ್ರಿ ಮನೆಗೆ ಮರಳುವ ದಾರಿಯಲ್ಲಿ ಒಂದು ಗುಂಪು ನಾಸಿರ್‌ನನ್ನು ಹಿಡಿದು ಹೊಡೆದು ಕೊಲ್ಲುತ್ತದೆ. ಅಷ್ಟೇ. ಅಲ್ಲಿಯವರೆಗೆ ನಿಧಾನವಾಗಿ, ಸ್ಥಿರವಾಗಿ ನೋಡುತ್ತಿದ್ದ ಕ್ಯಾಮೆರಾ ಒಮ್ಮೆಲೇ ಅಲುಗಾಡುತ್ತದೆ, ಯಾರು ಯಾರೆಂದು ತಿಳಿಯುವುದಿಲ್ಲ. ಕೆಲವೇ ನಿಮಿಷ. ಅವನು ಏನೂ ಮಾಡಿಲ್ಲ, ಯಾರ ಜೊತೆಗೂ ಜಗಳಕ್ಕೆ ಹೋಗಿಲ್ಲ.

ಇಲ್ಲಿಯೇ ಈ ಸಿನೆಮಾ ನಮ್ಮ ಮೊಬೈಲಿಗೆ ಬರುವ ವೀಡಿಯೊಗಳಿಗಿಂತ ಬೇರೆಯಾಗುವುದು. ಗುಂಪು ಹತ್ಯೆಯ ವೀಡಿಯೊಗಳನ್ನು ಈ ತಲೆಮಾರಿನ ಹುಡುಗರು ಎಷ್ಟು ನೋಡಿಲ್ಲ! ಅವುಗಳಲ್ಲಿ ಸಾಯುವವನಿಗೆ ಬೆಳಿಗ್ಗೆ ಎಂಬುದೇ ಇರುವುದಿಲ್ಲ. ಅವನು ಹುಟ್ಟಿದ್ದೇ ಹೊಡೆಸಿಕೊಳ್ಳಲಿಕ್ಕೆ ಎಂಬಂತೆ ವೀಡಿಯೊ ಶುರುವಾಗುತ್ತದೆ. ನೋಡಿ ಸಿಟ್ಟು ಬರುತ್ತದೆ, ಫಾರ್ವರ್ಡ್ ಆಗುತ್ತದೆ, ಮರುದಿನ ಇನ್ನೊಂದು. ಅರುಣ್ ಕಾರ್ತಿಕ್ ಲೆಕ್ಕವನ್ನು ತಿರುಗಿಸಿದ್ದಾರೆ. ಒಂದು ಗಂಟೆಗೂ ಹೆಚ್ಚು ಮನುಷ್ಯ, ಕೆಲವೇ ನಿಮಿಷ ಕೊಲೆ. ಆ ಹೊತ್ತಿಗೆ ಅವನು ಬೀದಿಯ ಯಾವುದೋ ಮೃತದೇಹವಲ್ಲ, ಇಡೀ ದಿನ ಜೊತೆಗಿದ್ದವನು.

ಕರಾವಳಿಯವರಿಗೆ ಇದು ದೂರದ ಊರಿನ ಕಥೆಯಲ್ಲ ಎಂದು ಬಿಡಿಸಿ ಹೇಳಬೇಕಾಗಿಲ್ಲ. 2017ರ ಜುಲೈಯಲ್ಲಿ ಬಿ.ಸಿ.ರೋಡಿನಲ್ಲಿ ಇರಿತಕ್ಕೊಳಗಾದವನು ಲಾಂಡ್ರಿ ಅಂಗಡಿಯ ಹುಡುಗ. 2018ರ ಜನವರಿ 3ರಂದು ಕಾಟಿಪಳ್ಳದಲ್ಲಿ ಕೊಲೆಯಾದವನು ಮೊಬೈಲ್ ಅಂಗಡಿಯ ನೌಕರ. ಅದೇ ರಾತ್ರಿ ಕೊಟ್ಟಾರ ಚೌಕಿಯಲ್ಲಿ ದಾಳಿಗೊಳಗಾಗಿ ನಾಲ್ಕು ದಿನದಲ್ಲಿ ತೀರಿಕೊಂಡವರು ಫಾಸ್ಟ್‌ಫುಡ್ ಅಂಗಡಿಯಲ್ಲಿ ದುಡಿಯುತ್ತಿದ್ದವರು. 2022ರ ಜುಲೈ 26ರಂದು ಬೆಳ್ಳಾರೆಯಲ್ಲಿ ಕೋಳಿ ಅಂಗಡಿಯ ಮಾಲೀಕ, ಎರಡೇ ದಿನಕ್ಕೆ ಸುರತ್ಕಲ್‌ನಲ್ಲಿ, ಬಟ್ಟೆ ಅಂಗಡಿಯೊಂದರ ಎದುರಿನಲ್ಲೇ, ಇನ್ನೊಬ್ಬ ಯುವಕ. 2025ರ ಮೇ 27ರಂದು ಬಂಟ್ವಾಳದ ಕೊಳ್ತಮಜಲಿನಲ್ಲಿ ಮರಳು ಇಳಿಸುತ್ತಿದ್ದ ಪಿಕಪ್ ಚಾಲಕ. ಇವರಲ್ಲಿ ಹಿಂದೂಗಳೂ ಇದ್ದಾರೆ, ಮುಸ್ಲಿಮರೂ ಇದ್ದಾರೆ. ಒಂದೊಂದು ಪ್ರಕರಣದ ಕಾರಣ ಬೇರೆ, ರಾಜಕೀಯ ಬೇರೆ. ಆದರೆ ಕಸುಬಿನ ಕಾಲಂ ಮಾತ್ರ ಓದಿಕೊಂಡು ಹೋದರೆ ಎಲ್ಲರೂ ಶಟರ್ ಎಳೆಯುವವರು, ಲೋಡ್ ಇಳಿಸುವವರು. ಭಾಷಣ ಮಾಡುವವರು ಒಬ್ಬರೂ ಆ ಪಟ್ಟಿಯಲ್ಲಿಲ್ಲ.

ಸಿನೆಮಾದಲ್ಲಿ ಮುಸ್ಲಿಮನನ್ನು ತೋರಿಸುವ ರೀತಿಯ ಬಗ್ಗೆಯೂ ಒಂದು ಮಾತು ಹೇಳಬೇಕು. ಬ್ಯಾರಿ ಭಾಷೆಯ ಮೊದಲ ಚಿತ್ರ, ಸುವೀರನ್ ಅವರ ‘ಬ್ಯಾರಿ’ಗೆ 59ನೇ ರಾಷ್ಟ್ರಪ್ರಶಸ್ತಿಯಲ್ಲಿ ಅತ್ಯುತ್ತಮ ಚಿತ್ರ ಗೌರವ ಹಂಚಿಕೆಯಾದಾಗ ಸಮುದಾಯದಲ್ಲಿ ಹೆಮ್ಮೆಯೂ ಇತ್ತು, ‘ಮತ್ತೆ ತಲಾಖ್ ಕಥೆಯೇ?’ ಎಂಬ ಬೇಸರವೂ ಇತ್ತು. ಅದಕ್ಕೂ ಮೊದಲು, 2008ರಲ್ಲಿ, ಗಿರೀಶ್ ಕಾಸರವಳ್ಳಿ ವೈದೇಹಿಯವರ ಕಥೆಯಿಂದ ‘ಗುಲಾಬಿ ಟಾಕೀಸ್’ ಮಾಡಿದ್ದರು. ಕುಂದಾಪುರ ಕಡೆಯ ಮೀನುಗಾರರ ನಡುವೆ ಬದುಕುವ ಸೂಲಗಿತ್ತಿ ಗುಲಾಬಿ, ಕಾರ್ಗಿಲ್ ಯುದ್ಧದ ಹೊತ್ತಿಗೆ ಅದೇ ಊರಿಗೆ ಹೊರಗಿನವಳಾಗುತ್ತಾಳೆ. ಉಮಾಶ್ರೀ ಅವರಿಗೆ ರಾಷ್ಟ್ರಪ್ರಶಸ್ತಿ ತಂದುಕೊಟ್ಟ ಪಾತ್ರ. ಗುಲಾಬಿಗೂ ನಾಸಿರ್‌ಗೂ ನೆಂಟಸ್ತಿಕೆ ಉಂಟು. ಇಬ್ಬರಿಗೂ ಒಂದು ಕೆಲಸ ಉಂಟು, ಒಂದು ಹುಚ್ಚು ಉಂಟು. ಅವಳಿಗೆ ಸಿನೆಮಾ, ಇವನಿಗೆ ಕವಿತೆ. ಪರದೆಯ ಮೇಲೆ ಮುಸ್ಲಿಮ್ ಅಂದರೆ ಒಂದೋ ಬಾಂಬ್ ಇಡುವವನು, ಇಲ್ಲವೇ ಹೀರೋಗಾಗಿ ಪ್ರಾಣ ಕೊಡುವ ಭಾಯಿ. ಕೆಲಸಕ್ಕೆ ಹೋಗಿ ಬರುವವನು ಸಿಗುವುದೇ ಕಡಿಮೆ.

ಹಾಗೆಂದು ‘ನಾಸಿರ್’ನಲ್ಲಿ ತಕರಾರು ಇಲ್ಲ ಅಂತಲ್ಲ. ನಾಸಿರ್ ಪಾತ್ರ ಮಾಡಿದ ಕುಮಾರನ್ ವಲವನೆ ಪುದುಚೇರಿಯ ಇಂಡಿಯನೋಸ್ಟ್ರಮ್ ರಂಗತಂಡದವರು, ನಟನೆಯಲ್ಲಿ ಎಲ್ಲೂ ನಾಟಕ ಕಾಣುವುದಿಲ್ಲ. ಆದರೆ ಪಾತ್ರವನ್ನು ಬರೆದಿರುವುದು ತುಂಬಾ ಮೆದುವಾಗಿ. ಅವನಿಗೆ ಸಿಟ್ಟೇ ಬರುವುದಿಲ್ಲ, ಕೆಟ್ಟ ಮಾತು ಬಾಯಲ್ಲಿ ಬರುವುದಿಲ್ಲ, ಕಷ್ಟದ ನಡುವೆಯೂ ಪ್ರೇಮಿ. ಕೊಲೆಯಾದವನಿಗಾಗಿ ಮರುಗಬೇಕಾದರೆ ಅವನು ಇಷ್ಟು ಒಳ್ಳೆಯವನಾಗಿರಲೇಬೇಕಾ? ಸಾಲ ಮಾಡಿ ತಪ್ಪಿಸಿಕೊಂಡು ತಿರುಗುವವನು, ಹೆಂಡತಿ ಜೊತೆ ಜಗಳವಾಡುವವನು, ಧಣಿಗೆ ಎದುರು ಮಾತಾಡುವವನು ಆಗಿದ್ದರೂ ಕೊಲೆ ಕೊಲೆಯೇ ಅಲ್ವಾ? ಕೋರ್ಟಿನಲ್ಲೂ ಟಿವಿ ಚರ್ಚೆಯಲ್ಲೂ ಸತ್ತವನ ಮೇಲೆ ಹಳೇ ಕೇಸು ಇತ್ತಾ ಅಂತ ಹುಡುಕುವ ಈ ಕಾಲದಲ್ಲಿ ಈ ಪ್ರಶ್ನೆ ಸಣ್ಣದಲ್ಲ. ಇನ್ನೊಂದು, ತಾಜ್. ಅವಳನ್ನು ಬೆಳಿಗ್ಗೆಯೇ ಬೇರೆ ಊರಿಗೆ ಕಳುಹಿಸಿದ್ದರಿಂದ ಮನೆಯೊಳಗಿನ ಹೆಂಗಸಿನ ದಿನ ಹೇಗಿರುತ್ತದೆ ಎಂಬುದು ಸಿನೆಮಾದಲ್ಲಿ ಬಹಳ ಕಡಿಮೆ. ಪತ್ರ ಅವಳಿಗೆ, ಆದರೆ ಮಾತು ಪೂರ್ತಿ ಅವನದ್ದು.

ಹೆದರಿಕೆ ಮುಸ್ಲಿಮ್ ನೌಕರನ ಸ್ವತ್ತು ಮಾತ್ರ ಅಂದುಕೊಳ್ಳುವುದೂ ಸರಿಯಲ್ಲ. 2023ರ ಮಾರ್ಚ್‌ನಲ್ಲಿ ತಮಿಳುನಾಡಿನಲ್ಲಿ ಬಿಹಾರಿ ಕಾರ್ಮಿಕರನ್ನು ಹೊಡೆದು ಕೊಲ್ಲುತ್ತಿದ್ದಾರೆ ಎಂದು ಸುಳ್ಳು ವೀಡಿಯೊಗಳು ಹರಿದಾಡಿದವು. ತಿರುಪ್ಪೂರಿನ ಬನಿಯನ್ ಫ್ಯಾಕ್ಟರಿಗಳಲ್ಲಿ ದುಡಿಯುತ್ತಿದ್ದ ಉತ್ತರ ಭಾರತದ ಹುಡುಗರು ಗಾಬರಿಯಿಂದ ಸ್ಟೇಷನ್ನಿಗೆ ಓಡಿದರು. ವೀಡಿಯೊಗಳು ಸುಳ್ಳು ಅಂತ ಪೊಲೀಸರು ಹೇಳಬೇಕಾಯಿತು, ಹರಡಿದವರ ಮೇಲೆ ಕೇಸು ಆಯಿತು. ಮೊಬೈಲಿನಲ್ಲಿ ಬಂದದ್ದನ್ನು ನಂಬಿ ಮೂಟೆ ಕಟ್ಟಿದವರಲ್ಲಿ ಹೆಚ್ಚಿನವರು ಹಿಂದೂಗಳೇ.

ಸಿನೆಮಾ ರಾತ್ರಿಯೇ ಮುಗಿಯುತ್ತದೆ. ಮರುದಿನ ಬೆಳಿಗ್ಗೆ ಏನಾಗಬಹುದು ಎಂಬುದನ್ನು ಲೆಕ್ಕ ಗೊತ್ತಿದ್ದವರು ಯೋಚಿಸದೆ ಇರಲಿಕ್ಕಾಗುವುದಿಲ್ಲ. ಕಾಯಿಲೆಯ ತಾಯಿ, ಇಕ್ಬಾಲ್, ಬೇರೆ ಊರಿನಿಂದ ಓಡಿ ಬರಬೇಕಾದ ತಾಜ್. ಮೂರು ಜನ, ಬರುತ್ತಿದ್ದ ಒಂದೇ ಸಂಬಳ ನಿಂತಿದೆ. ಮೊದಲ ವಾರ ನೆಂಟರು, ಜಮಾಅತ್ ಕಮಿಟಿ, ಸಂಘಟನೆಗಳು ಬರುತ್ತವೆ. ಆರು ತಿಂಗಳ ನಂತರ? ಇಲ್ಲಿಯ ಅಂಗಡಿಗಳಲ್ಲೂ ಪರಿಸ್ಥಿತಿ ಅದೇ. ಪಿಎಫ್ ಕಡ್ಡಾಯ ಆಗಬೇಕಾದರೆ 20 ನೌಕರರು ಇರಬೇಕು, ಇಎಸ್ಐಗೆ ಸಾಮಾನ್ಯವಾಗಿ 10. ನಾಲ್ಕೈದು ಹುಡುಗರಿರುವ ಅಂಗಡಿ ಎರಡಕ್ಕೂ ಹೊರಗೆ. ಸಂಬಳ ಕೈಗೇ ಕೊಡುವುದು, ಚೀಟಿ ಇಲ್ಲ. ಕೊಲೆಯಾದವರ ಕುಟುಂಬಕ್ಕೆ ಪರಿಹಾರ ಕೊಡಲು ಸರಕಾರದ ಸಂತ್ರಸ್ತರ ಪರಿಹಾರ ಯೋಜನೆ ಉಂಟು. ಮೊದಲು ಸಿಆರ್‌ಪಿಸಿ 357ಎ, ಈಗ ಬಿಎನ್‌ಎಸ್‌ಎಸ್ 396ನೇ ಕಲಂ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಅರ್ಜಿ ಹಾಕಬೇಕು, ಕೋರ್ಟಿನ ತೀರ್ಪು ಬರುವವರೆಗೆ ಕಾಯಬೇಕಾಗಿಲ್ಲ. ಆದರೆ ಅಲ್ಲಿ ಸತ್ತವನ ಆದಾಯದ ಪ್ರಶ್ನೆ ಬಂದಾಗ ಕಾಗದ ಬೇಕು.

ಬ್ಯಾಂಕ್ ಖಾತೆ ಇದ್ದವರಿಗೆ ವರ್ಷಕ್ಕೆ 20 ರೂಪಾಯಿ ಕಟ್ಟುವ ಸುರಕ್ಷಾ ವಿಮಾ ಯೋಜನೆಯಲ್ಲಿ ಅಪಘಾತದ ಸಾವಿಗೆ 2 ಲಕ್ಷ ಸಿಗುತ್ತದೆ, ಕೊಲೆಯಾದರೂ ಅದು ಅನ್ವಯ. ವಿಮೆಯ ಬಗ್ಗೆ ಉಲಮಾಗಳಲ್ಲಿ ಬೇರೆ ಬೇರೆ ಅಭಿಪ್ರಾಯ ಉಂಟು, ಅದನ್ನು ಅವರವರು ಕೇಳಿ ತಿಳಿದುಕೊಳ್ಳಲಿ. ನೇಮಕಾತಿ ಪತ್ರಕ್ಕೆ ಯಾರ ಅಭಿಪ್ರಾಯವೂ ಅಡ್ಡ ಬರುವುದಿಲ್ಲ. ನೌಕರನಿಗೆ ಅದನ್ನು ಕೊಡಬೇಕು ಎಂದು ಕರ್ನಾಟಕದ 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯಲ್ಲಿ ಇದೆ. ಹುಡುಗನ ಹೆಸರು, ಸೇರಿದ ದಿನ, ಸಂಬಳ, ಕೆಳಗೆ ಅಂಗಡಿಯ ಸೀಲು ಮತ್ತು ಸಹಿ. ಒಂದು ಹಾಳೆ ಸಾಕು.